ಅಮೆರಿಕದ ಹಳ್ಳಿಗಾಡಿನ ರೈತರಿಗೆ ಕೋವಿಡ್ ಪರಿಹಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಅಯೋವಾ ರಾಜ್ಯದ ವಾಯವ್ಯ ಮೂಲೆಯಲ್ಲಿರುವ ಸೂ ಕೌಂಟಿಯನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇವೆ. ಆರೆಂಜ್ ಸಿಟಿ ಇದರ ಆಡಳಿತ ಕೇಂದ್ರ. ಮೆಕ್ಕೆಜೋಳ, ಸೋಯಾ, ಹಂದಿ, ಮಾಂಸದ ದನ, ಹೈನು, ಮೊಟ್ಟೆ ಎಲ್ಲವೂ ಒಂದೇ ಕಡೆ ಸಿಗುವುದರಿಂದ ಸಿಎಫ್‌ಎಪಿ ಎಂಬ ಈ ಪರಿಹಾರ ಯೋಜನೆಯ ಹೆಚ್ಚಿನ ತೊಡಕುಗಳು ಇಲ್ಲಿ ಕಾಣುತ್ತವೆ. ಲೆಕ್ಕಗಳಲ್ಲಿ ಬರುವ ರೈತರು ಕಲ್ಪಿತರು, ದರಗಳು ನಿಜವಾದವು. ಅರ್ಜಿಗಳ ಗಡುವು ಎಂದೋ ಮುಗಿದಿದೆ. ತಪಾಸಣೆ, ತೆರಿಗೆ, ಹಳೆಯ ಕಡತ, ಅಧ್ಯಯನ ಎಂದು ಪ್ರಶ್ನೆಗಳು ಮಾತ್ರ ಇನ್ನೂ ಬರುತ್ತಲೇ ಇವೆ.

## ಮೊದಲು ತಿಳಿಯಬೇಕಾದದ್ದು

ಸಿಎಫ್‌ಎಪಿ ಅಂದರೇನು? ಸಾಲವೋ, ಸಹಾಯಧನವೋ?

ಸಹಾಯಧನ. ಹಿಂದಿರುಗಿಸಬೇಕಿಲ್ಲ, ಆದರೆ ತೆರಿಗೆ ಕಟ್ಟಬೇಕು. ಪೂರ್ಣ ಹೆಸರು ಕೊರೊನಾವೈರಸ್ ಫುಡ್ ಅಸಿಸ್ಟೆನ್ಸ್ ಪ್ರೋಗ್ರಾಂ. ಇದು ಎರಡು ಸುತ್ತಿನಲ್ಲಿ ಬಂತು. ಮೊದಲ ಸುತ್ತಿಗೆ 1,600 ಕೋಟಿ ಡಾಲರ್ ಎತ್ತಿಟ್ಟಿದ್ದರು: 2020ರ ಮಾರ್ಚ್ 27ರಂದು ಸಹಿಯಾದ, ಕೋವಿಡ್ ನೆರವಿನ ಕೇರ್ಸ್ ಕಾಯ್ದೆಯಿಂದ 950 ಕೋಟಿ, ಕೃಷಿ ಇಲಾಖೆಯ ಕಮಾಡಿಟಿ ಕ್ರೆಡಿಟ್ ಕಾರ್ಪೊರೇಷನ್‌ನಿಂದ (ಸಿಸಿಸಿ) 650 ಕೋಟಿ. ಅದಕ್ಕೆ ಮೇ 26ರಿಂದ ಸೆಪ್ಟೆಂಬರ್ 11ರವರೆಗೆ ಅರ್ಜಿ ತೆಗೆದುಕೊಂಡರು. ಎರಡನೇ ಸುತ್ತಿಗೆ 1,400 ಕೋಟಿ ಡಾಲರ್‌ವರೆಗೆ ಮಿತಿ. ಅದರ ಅರ್ಜಿ ಸೆಪ್ಟೆಂಬರ್ 21ರಿಂದ ಡಿಸೆಂಬರ್ 11ರವರೆಗೆ ನಡೆದು, 2021ರ ಏಪ್ರಿಲ್ 5ರಂದು ಮತ್ತೆ ತೆರೆದು ಅಕ್ಟೋಬರ್ 12ಕ್ಕೆ ಮುಚ್ಚಿತು.

ಎರಡು ಖಜಾನೆಯಿಂದ ಹಣ ಬಂದದ್ದು ಬರೀ ಆಡಳಿತದ ವಿವರವೆಂದು ಕಡೆಗಣಿಸಬೇಡಿ. ಮೊದಲ ಸುತ್ತಿನ ಪ್ರತಿ ಲೆಕ್ಕದಲ್ಲೂ ಎರಡೆರಡು ದರ ಇರುವುದಕ್ಕೆ ಅದೇ ಕಾರಣ.

ಹೋಟೆಲ್ ಮುಚ್ಚಿದ್ರೆ ರೈತನಿಗೆ ಯಾಕೆ ಹೊಡೆತ? ಜನ ಊಟ ಬಿಟ್ರಾ?

ಬಿಡಲಿಲ್ಲ, ತಿನ್ನುವ ಜಾಗ ಬದಲಾಯಿತು. ಶಾಲೆ, ಹೋಟೆಲುಗಳಿಗೆ ಹೋಗುವ ಹಾಲು, ಚೀಸು, ಮಾಂಸದ ಪ್ಯಾಕಿಂಗ್ ಸಾಲುಗಳೇ ಬೇರೆ, ಅಂಗಡಿಗೆ ಹೋಗುವ ಸಾಲುಗಳೇ ಬೇರೆ. ಒಂದನ್ನು ವಾರದೊಳಗೆ ಇನ್ನೊಂದಾಗಿ ಮಾಡಲು ಆಗುವುದಿಲ್ಲ. ಓಡಾಟ ನಿಂತು ಪೆಟ್ರೋಲ್ ಬಳಕೆ ಕುಸಿದಾಗ ಅದರಲ್ಲಿ ಬೆರೆಸುವ ಎಥೆನಾಲ್‌ಗೂ ಬೇಡಿಕೆ ಬಿತ್ತು, ಜತೆಗೆ ಮೆಕ್ಕೆಜೋಳದ ಬೆಲೆಯೂ ಇಳಿಯಿತು.

ಸೂ ಕೌಂಟಿಗೆ ಹತ್ತಿರದಿಂದ ತಟ್ಟಿದ್ದು ಕಸಾಯಿಖಾನೆಗಳ ಮುಚ್ಚುಗಡೆ. ಪಕ್ಕದ ಸೌತ್ ಡಕೋಟಾದ ಸೂ ಫಾಲ್ಸ್‌ನಲ್ಲಿರುವ ಸ್ಮಿತ್‌ಫೀಲ್ಡ್ ಘಟಕದಲ್ಲಿ ಕಾರ್ಮಿಕರಿಗೆ ಸೋಂಕು ಹರಡಿ, 2020ರ ಏಪ್ರಿಲ್ 12ರಂದು ಅನಿರ್ದಿಷ್ಟ ಕಾಲ ಮುಚ್ಚುವುದಾಗಿ ಹೇಳಿದರು. ದೇಶದ ಹಂದಿಮಾಂಸದಲ್ಲಿ ಶೇ 4ರಿಂದ 5ರಷ್ಟು ಆಗ ಆ ಒಂದೇ ಘಟಕದ್ದು. ಮಾರಾಟದ ತೂಕಕ್ಕೆ ಬಂದ ಹಂದಿಯನ್ನು ಧಾನ್ಯದಂತೆ ಉಗ್ರಾಣದಲ್ಲಿ ಕೂಡಿಡಲಾಗುವುದಿಲ್ಲ. ಅದು ತಿನ್ನುತ್ತಲೇ, ಬೆಳೆಯುತ್ತಲೇ ಇರುತ್ತದೆ, ಮುಂದಿನ ತಂಡದ ಮರಿಗಳು ಅದೇ ಶೆಡ್ಡಿಗೆ ಕಾದಿರುತ್ತವೆ.

ಕೌಂಟಿ ಅಂದ್ರೆ ನಮ್ಮ ತಾಲ್ಲೂಕಾ, ಜಿಲ್ಲೆಯಾ? ದುಡ್ಡು ಕೌಂಟಿನೇ ಕೊಡ್ತಾ?

ಹೋಲಿಸುವುದಾದರೆ ತಾಲ್ಲೂಕಿಗೇ ಹತ್ತಿರ. ಅಯೋವಾದಲ್ಲಿ 99 ಕೌಂಟಿಗಳಿವೆ, ಸೂ ಕೌಂಟಿಯ ಜನಸಂಖ್ಯೆ ಸುಮಾರು 36 ಸಾವಿರ. ಹಣ ಕೌಂಟಿ ಸರ್ಕಾರದ್ದಲ್ಲ, ಕೇಂದ್ರದ್ದು. ಕೇಂದ್ರ ಕೃಷಿ ಇಲಾಖೆಯ ಫಾರ್ಮ್ ಸರ್ವೀಸ್ ಏಜೆನ್ಸಿ, ಅಂದರೆ ಎಫ್‌ಎಸ್‌ಎ, ತನ್ನ ಕೌಂಟಿ ಮಟ್ಟದ ಕಚೇರಿಗಳಲ್ಲಿ ಅರ್ಜಿ ತೆಗೆದುಕೊಂಡಿತು. ಆ ಕಚೇರಿಗೆ ರೈತರೇ ಚುನಾಯಿಸುವ ಕೌಂಟಿ ಸಮಿತಿ ಇರುತ್ತದೆ. ಅರ್ಹತೆಯ ತಕರಾರುಗಳಲ್ಲಿ ಮೊದಲ ಮಾತು ಅದರದ್ದು. ದರ ಬದಲಿಸುವ ಅಧಿಕಾರ ಮಾತ್ರ ಅದಕ್ಕಿಲ್ಲ.

2018–19ರಲ್ಲೂ ರೈತರಿಗೆ ದುಡ್ಡು ಬಂದಿತ್ತಲ್ಲ, ಅದೂ ಇದೇನಾ?

ಅಲ್ಲ. ಅದು ಚೀನಾದೊಂದಿಗಿನ ಸುಂಕ ಸಮರಕ್ಕೆ ಕೊಟ್ಟ ಎಂಎಫ್‌ಪಿ (ಮಾರ್ಕೆಟ್ ಫೆಸಿಲಿಟೇಷನ್ ಪ್ರೋಗ್ರಾಂ). 2019ರ ಎಂಎಫ್‌ಪಿಯಲ್ಲಿ ಕೌಂಟಿಗೊಂದು ದರ ಇತ್ತು, ಎಕರೆಗೆ 15ರಿಂದ 150 ಡಾಲರ್‌ವರೆಗೆ. ಕೋವಿಡ್ ಪರಿಹಾರದಲ್ಲಿ ದರ ದೇಶಕ್ಕೆಲ್ಲ ಒಂದೇ. ಎರಡನ್ನೂ ಒಟ್ಟಿಗೆ ಕೂಡಿಸಿದ ಪಟ್ಟಿಗಳು ಬಹಳ ಓಡಾಡುತ್ತಿವೆ. ಕೌಂಟಿಗೆ ಕೌಂಟಿಗೆ ಹೋಲಿಸುವವರು ಮೊದಲು ಇವೆರಡನ್ನು ಬೇರ್ಪಡಿಸಿಕೊಳ್ಳಬೇಕು.

## ಯಾರಿಗೆ ಬಂತು, ಅರ್ಜಿ ಹೇಗೆ

ಜಮೀನು ಗೇಣಿಗೆ ಕೊಟ್ಟ ಮಾಲೀಕನಿಗೂ ಪಾಲು ಬಂತಾ?

ನಗದು ಗೇಣಿಯಾದರೆ ಇಲ್ಲ. ಬೆಲೆ ಬಿದ್ದರೂ ಅವನ ಗೇಣಿ ಬದಲಾಗುವುದಿಲ್ಲ, ಹಾಗಾಗಿ ಬೆಳೆಯ ಬೆಲೆಯ ಅಪಾಯ ಅವನ ಮೇಲಿಲ್ಲ. ಕೋರಿಗೆ ಕೊಟ್ಟಿದ್ದರೆ, ಅಂದರೆ ಬೆಳೆಯಲ್ಲೇ ಪಾಲು ಎಂದಿದ್ದರೆ, ಅವನ ಪಾಲಿನಷ್ಟು ಅವನಿಗೆ, ಉಳಿದದ್ದು ಉಳುವವನಿಗೆ. ಬಾಯಿಮಾತಿನ ಒಪ್ಪಂದವಿದ್ದ ಕಡೆ ಒಬ್ಬ ಅರ್ಧ, ಇನ್ನೊಬ್ಬ ಮುಕ್ಕಾಲು ಎಂದು ಬರೆದು ಒಟ್ಟು ನೂರು ದಾಟಿದರೆ ಕಚೇರಿ ಎರಡೂ ಅರ್ಜಿಯನ್ನು ತಡೆಹಿಡಿಯುವುದು ಸಹಜ.

ನಾನು ಎಚ್-1ಬಿ ವೀಸಾದಲ್ಲಿದ್ದೆ, ಜಮೀನಲ್ಲಿ ದುಡ್ಡು ಹಾಕಿದ್ದೆ. ನನಗೆ ಯಾಕೆ ಬರಲಿಲ್ಲ?

ಅಮೆರಿಕದಲ್ಲಿರುವ ಕನ್ನಡಿಗರು ಇದನ್ನು ಆಗಾಗ ಕೇಳುತ್ತಾರೆ. ಪೌರರು ಮತ್ತು ಗ್ರೀನ್ ಕಾರ್ಡ್ ಇರುವವರು ಉಳಿದ ಷರತ್ತು ಪೂರೈಸಿದರೆ ಸಾಕು. ಈ ಯೋಜನೆಯ ಲೆಕ್ಕದಲ್ಲಿ ಉಳಿದವರೆಲ್ಲ ವಿದೇಶಿ ವ್ಯಕ್ತಿಗಳು. ಅವರು ಜಮೀನು, ಬಂಡವಾಳ ಎರಡರ ಜತೆಗೆ ಸ್ವಂತ ದೈಹಿಕ ದುಡಿಮೆಯನ್ನೂ ಗಣನೀಯವಾಗಿ ಹಾಕಿರಬೇಕು. ತೆರಿಗೆ ಇಲಾಖೆ ನಿಮ್ಮನ್ನು ‘ರೆಸಿಡೆಂಟ್’ ಎಂದು ಪರಿಗಣಿಸುವುದು ಬೇರೆ ವಿಷಯ, ಇಲ್ಲಿ ಅದು ನಡೆಯುವುದಿಲ್ಲ. ನಗರದಲ್ಲಿ ಕೆಲಸ ಮಾಡಿಕೊಂಡು ಹಣವನ್ನಷ್ಟೇ ಹೂಡಿದವರು ಇಲ್ಲಿಯೇ ಹೊರಬೀಳುತ್ತಾರೆ.

ಯಾವ ಯಾವ ಫಾರಂ ಕೊಡಬೇಕಿತ್ತು?

ಸುತ್ತಿಗೊಂದು ಅರ್ಜಿ: ಮೊದಲನೆಯದಕ್ಕೆ ಎಡಿ-3114, ಎರಡನೆಯದಕ್ಕೆ ಎಡಿ-3117. ಅದರ ಹಿಂದೆ ಇರಬೇಕಾದದ್ದು:

- ಎಡಿ-2047: ಹೆಸರು, ವಿಳಾಸ, ತೆರಿಗೆ ಸಂಖ್ಯೆ
- ಸಿಸಿಸಿ-902: ಯಾರ ಜಮೀನು, ಯಾರ ಬಂಡವಾಳ, ಯಾರ ದುಡಿಮೆ ಎಂಬ ವಿವರ. ಕಂಪನಿ, ಪಾಲುದಾರಿಕೆಯಾದರೆ ಸದಸ್ಯರ ಪಟ್ಟಿಗೆ ಸಿಸಿಸಿ-901
- ಸಿಸಿಸಿ-941: ಆದಾಯ ಮಿತಿಯ ಘೋಷಣೆ
- ಎಡಿ-1026: ಸವಕಳಿ ಭೂಮಿ, ಜೌಗು ಭೂಮಿಯ ನಿಯಮ ಪಾಲಿಸುವ ಒಪ್ಪಿಗೆ
- ಎಸ್‌ಎಫ್-3881: ಬ್ಯಾಂಕ್ ಖಾತೆ

ಹಿಂದೆಯೇ ಎಫ್‌ಎಸ್‌ಎ ಜತೆ ವ್ಯವಹಾರವಿದ್ದ ಜೋಳ–ಸೋಯಾ ರೈತರ ಬಳಿ ಇವುಗಳಲ್ಲಿ ಹೆಚ್ಚಿನವು ಆಗಲೇ ಕಡತದಲ್ಲಿದ್ದವು. ಹಂದಿ ಸಾಕುವವರು, ತರಕಾರಿ ಬೆಳೆಯುವವರಲ್ಲಿ ಹಲವರು ಅಲ್ಲಿಯವರೆಗೆ ಆ ಕಚೇರಿಯ ಮೆಟ್ಟಿಲು ಹತ್ತಿದವರೇ ಅಲ್ಲ. ಅವರಿಗೆ ಎಲ್ಲವೂ ಹೊಸದು, ಅದೂ ಕಚೇರಿಯ ಬಾಗಿಲು ಮುಚ್ಚಿ ಫೋನ್ ಮೂಲಕವೇ ಕೆಲಸ ನಡೆಯುತ್ತಿದ್ದ ಹೊತ್ತಿನಲ್ಲಿ. ಸಹಿಯನ್ನು ಬಾಕ್ಸ್, ಒನ್‌ಸ್ಪ್ಯಾನ್ ತಂತ್ರಾಂಶಗಳಲ್ಲಿ ಹಾಕಬಹುದಿತ್ತು.

ಮೂರು ವರ್ಷದ ಸರಾಸರಿ ಆದಾಯ 9 ಲಕ್ಷ ಡಾಲರ್ ದಾಟಿದ್ದರೆ ಹಣವಿಲ್ಲ. ಆದಾಯದ ಶೇ 75 ಅಥವಾ ಹೆಚ್ಚು ಕೃಷಿಯಿಂದಲೇ ಬಂದಿದ್ದರೆ ಆ ಮಿತಿ ಅನ್ವಯಿಸುವುದಿಲ್ಲ. ಅದಕ್ಕೆ ಲೆಕ್ಕಪರಿಶೋಧಕರು ಅಥವಾ ವಕೀಲರಿಂದ ಸಿಸಿಸಿ-942 ಬೇಕು. ಇದು ಕೊನೆಯ ವಾರದಲ್ಲಿ ಸಿಗುವ ಕಾಗದವಲ್ಲ.

## ಲೆಕ್ಕ

ಮೊದಲ ಸುತ್ತಿನಲ್ಲಿ ಮೆಕ್ಕೆಜೋಳಕ್ಕೆ ಹೇಗೆ ಲೆಕ್ಕ ಹಾಕಿದ್ರು?

ಎರಡು ಅಂಕಿ ತೆಗೆದುಕೊಳ್ಳಿ: 2019ರ ಇಳುವರಿಯ ಅರ್ಧ, ಮತ್ತು 2020ರ ಜನವರಿ 15ರಂದು ಬೆಲೆ ನಿಗದಿಯಾಗದೆ ಕೈಯಲ್ಲಿದ್ದ ದಾಸ್ತಾನು. ಇವುಗಳಲ್ಲಿ ಚಿಕ್ಕದ್ದೇ ಲೆಕ್ಕಕ್ಕೆ. ಅದರ ಅರ್ಧಕ್ಕೆ ಕೇರ್ಸ್ ದರ, ಬುಷೆಲ್‌ಗೆ 32 ಸೆಂಟ್. ಇನ್ನರ್ಧಕ್ಕೆ ಸಿಸಿಸಿ ದರ, 35 ಸೆಂಟ್. ಸೋಯಾಕ್ಕೆ 45 ಮತ್ತು 50 ಸೆಂಟ್. ಮೆಕ್ಕೆಜೋಳದ ಒಂದು ಬುಷೆಲ್ ಸುಮಾರು 25.4 ಕೆ.ಜಿ.

ಒಬ್ಬ ರೈತ 2019ರಲ್ಲಿ 60,000 ಬುಷೆಲ್ ಬೆಳೆದಿದ್ದಾನೆ, ಜನವರಿ 15ಕ್ಕೆ 25,000 ಮಾರದೆ ಉಳಿದಿದೆ ಎನ್ನಿ. ಇಳುವರಿಯ ಅರ್ಧ 30,000, ದಾಸ್ತಾನು 25,000. ಚಿಕ್ಕದು 25,000. ಸರಾಸರಿ 33.5 ಸೆಂಟಿನಂತೆ 8,375 ಡಾಲರ್.

ಮುಗ್ಗರಿಸುವುದು ‘ಬೆಲೆ ನಿಗದಿಯಾಗದೆ’ ಎಂಬಲ್ಲಿ. ಧಾನ್ಯ ಇನ್ನೂ ತನ್ನ ಕಣಜದಲ್ಲೇ ಇದೆ, ಆದರೆ ಡಿಸೆಂಬರಿನಲ್ಲೇ ಎಥೆನಾಲ್ ಕಾರ್ಖಾನೆಗೆ ಇಂತಿಷ್ಟು ಬೆಲೆಗೆಂದು ಬರೆದುಕೊಟ್ಟಾಗಿದೆ. ಆ ಧಾನ್ಯ ಲೆಕ್ಕಕ್ಕಿಲ್ಲ. ಕಣಜ ಅಳೆದು ಬಂದ ಅಂಕಿಯನ್ನು ಹಾಗೆಯೇ ಬರೆದವರು ಮುಂದೆ ತಪಾಸಣೆಯಲ್ಲಿ ಸಿಕ್ಕಿಬೀಳುವುದು ಇಲ್ಲೇ.

ಹಂದಿಗೆ ತಲೆಗೆ ಎಷ್ಟು?

ಮೊದಲ ಸುತ್ತಿನಲ್ಲಿ ಎರಡು ಕಿಟಕಿ, ಅಂದರೆ ಎರಡು ಅವಧಿ. ಜನವರಿ 15ರಿಂದ ಏಪ್ರಿಲ್ 15ರೊಳಗೆ ಮಾರಿದ್ದಕ್ಕೆ ಕೇರ್ಸ್ ದರ: 120 ಪೌಂಡಿಗಿಂತ ಕಡಿಮೆ ತೂಕದ್ದಕ್ಕೆ 28 ಡಾಲರ್, ಅದಕ್ಕೂ ಮೇಲಿನದಕ್ಕೆ 18. ಏಪ್ರಿಲ್ 16ರಿಂದ ಮೇ 14ರ ನಡುವೆ ಯಾವುದಾದರೂ ಒಂದು ದಿನ ಇದ್ದ ಅತಿ ಹೆಚ್ಚು ಸಂಖ್ಯೆಗೆ ಸಿಸಿಸಿ ದರ, ತಲೆಗೆ 17.

800 ದೊಡ್ಡ ಹಂದಿ ಮಾರಿ, ಎರಡನೇ ಕಿಟಕಿಯಲ್ಲಿ 2,000 ಇಟ್ಟುಕೊಂಡಿದ್ದರೆ 14,400 ಮತ್ತು 34,000 ಸೇರಿ 48,400 ಡಾಲರ್. ಮೊದಲಿಗೆ ಶೇ 80, ಅಂದರೆ 38,720 ಕೈಸೇರಿತು. ಹಣ ಸಾಲದೇ ಹೋದೀತೆಂದು ಹಿಡಿದಿಟ್ಟಿದ್ದ ಉಳಿದ ಶೇ 20 ಆಗಸ್ಟ್ ಘೋಷಣೆಯ ನಂತರ ಬೇರೆ ಅರ್ಜಿಯಿಲ್ಲದೆ ಬಂತು.

ದಿನಾಂಕ ಎಷ್ಟು ಕ್ರೂರ ಎಂಬುದನ್ನು ಗಮನಿಸಿ. ಸ್ಮಿತ್‌ಫೀಲ್ಡ್ ಘಟಕ ಮುಚ್ಚಿ ಬೆಲೆ ನೆಲಕಚ್ಚಿದ್ದು ಏಪ್ರಿಲ್ ಮಧ್ಯದ ನಂತರ. ಏಪ್ರಿಲ್ 20ಕ್ಕೆ ಸಿಕ್ಕ ಬೆಲೆಗೆ ಮಾರಿದವನಿಗೆ ಮಾರಾಟದ ದರ ಸಿಗುವುದಿಲ್ಲ, ದಾಸ್ತಾನಿನ 17 ಡಾಲರ್ ಅಷ್ಟೇ. ಫೆಬ್ರುವರಿಯಲ್ಲಿ ತಕ್ಕಮಟ್ಟಿನ ಬೆಲೆಗೆ ಮಾರಿದವನಿಗೆ 18. ಈ ಯೋಜನೆ ನಷ್ಟವನ್ನು ಅಳೆಯಲೇ ಇಲ್ಲ. ಅಳೆದದ್ದು ತಲೆ, ದಿನ ಮತ್ತು ಒಡೆತನವನ್ನು.

ಈ ಹುಳುಕನ್ನು ಮುಚ್ಚಲೆಂದು 2021ರ ಕೊನೆಯಲ್ಲಿ ಸ್ಪಾಟ್ ಮಾರುಕಟ್ಟೆಯ ಹಂದಿಗಳಿಗೆ ಬೇರೆಯದೇ ಯೋಜನೆ ತಂದರು. ಒಪ್ಪಂದವಿಲ್ಲದೆ ಆ ದಿನದ ಬೆಲೆಗೆ 2020ರ ಏಪ್ರಿಲ್ 16ರಿಂದ ಸೆಪ್ಟೆಂಬರ್ 1ರೊಳಗೆ ಮಾರಿದ್ದಕ್ಕೆ ತಲೆಗೆ 54 ಡಾಲರ್, ಒಬ್ಬರಿಗೆ ಹೆಚ್ಚೆಂದರೆ 10,000 ಹಂದಿ.

ದನದ ದರದಲ್ಲಿ ಅಷ್ಟೊಂದು ವ್ಯತ್ಯಾಸ ಯಾಕೆ?

ವರ್ಗ ಬೇರೆಯಾದ್ದರಿಂದ. ಮಾರಾಟದ ಮೇಲಿನ ಕೇರ್ಸ್ ದರ ಹೀಗಿತ್ತು: 600 ಪೌಂಡಿಗಿಂತ ಕಡಿಮೆಯ ಕರುಗಳಿಗೆ 102 ಡಾಲರ್, ಅದಕ್ಕೂ ಮೇಲಿನ ಮೇಯಿಸುವ ದನಗಳಿಗೆ 139, ಕಸಾಯಿಖಾನೆಗೆ ಸಿದ್ಧವಾಗಿ ಕೊಬ್ಬಿದವಕ್ಕೆ 214, ವಯಸ್ಸಾಗಿ ಮಂದೆಯಿಂದ ತೆಗೆದವಕ್ಕೆ 92, ಉಳಿದವಕ್ಕೆ 102. ದಾಸ್ತಾನಿಗೆ ಮಾತ್ರ ಎಲ್ಲಕ್ಕೂ 33. ಒಂದೇ ಪ್ರಾಣಿ ಮಾರಿದ್ದರೆ 214, ಕೊಟ್ಟಿಗೆಯಲ್ಲೇ ಉಳಿದರೆ 33. ಮಾರಲಾಗದೆ ಕೂತವನಿಗೆ ಇದು ಸಹಜವಾಗಿಯೇ ಉರಿಯಿತು. 2021ರಲ್ಲಿ ದಾಸ್ತಾನಿನ ಮೇಲೆ ಹೆಚ್ಚುವರಿ ಕೊಟ್ಟರು: ಸಿದ್ಧ ದನಕ್ಕೆ 63, ದೊಡ್ಡ ಮೇಯಿಸುವ ದನಕ್ಕೆ 25.50, ಚಿಕ್ಕವಕ್ಕೆ 7 ಡಾಲರ್. ಮೊದಲೇ ಅರ್ಜಿ ಹಾಕಿದ್ದವರಿಗೆ ಇದು ತಾನಾಗಿ ಬಂತು.

ಹಾಲಿಗೆ?

2020ರ ಮೊದಲ ಮೂರು ತಿಂಗಳ ಹಾಲಿಗೆ ನೂರು ಪೌಂಡಿಗೆ 4.71 ಡಾಲರ್. ಅದೇ ಹಾಲನ್ನು 1.014ರಿಂದ ಗುಣಿಸಿ ಇನ್ನೊಂದು 1.47. ಹತ್ತು ಸಾವಿರ ಹಂಡ್ರೆಡ್‌ವೇಟ್‌ಗೆ (ಒಂದು ಹಂಡ್ರೆಡ್‌ವೇಟ್ ಅಂದರೆ ನೂರು ಪೌಂಡ್) ಸುಮಾರು 62,000 ಡಾಲರ್. ಕೊಳ್ಳುವವರಿಲ್ಲದೆ ಚೆಲ್ಲಿದ ಹಾಲೂ ಲೆಕ್ಕಕ್ಕಿತ್ತು.

ಎರಡನೇ ಸುತ್ತು ಯಾಕೆ ಬೇರೆ ಥರ ಇತ್ತು?

ಬೆಳೆಗೆ ದಾಸ್ತಾನಿನ ಬದಲು 2020ರಲ್ಲಿ ಬಿತ್ತಿದ ಎಕರೆಯನ್ನು ಹಿಡಿದರು. ಮೆಕ್ಕೆಜೋಳಕ್ಕೆ: ಎಕರೆ × ವಿಮಾ ದಾಖಲೆಯ ಸರಾಸರಿ ಇಳುವರಿ × ಶೇ 40 × 58 ಸೆಂಟ್. ಸೋಯಾಕ್ಕೆ ಶೇ 54, ದರ ಅದೇ 58 ಸೆಂಟ್. ವಿಮೆ ಮಾಡಿಸದವರಿಗೆ ಕೌಂಟಿಯ ಮಾನದಂಡ ಇಳುವರಿಯ ಶೇ 85. ಫಲಿತಾಂಶ ಎಕರೆಗೆ 15 ಡಾಲರ್‌ಗಿಂತ ಕಡಿಮೆಯಾದರೆ 15.

180 ಬುಷೆಲ್ ಇಳುವರಿಯ 500 ಎಕರೆ ಮೆಕ್ಕೆಜೋಳಕ್ಕೆ 20,880 ಡಾಲರ್. ಸೋಯಾ ಇಳುವರಿ 54 ಬುಷೆಲ್ ಆದರೆ ಎಕರೆಗೆ 16.91, ಅದೇ 45 ಆದರೆ ಲೆಕ್ಕ 14.09ಕ್ಕೆ ನಿಲ್ಲುತ್ತದೆ, ಆಗ 15 ಸಿಗುತ್ತದೆ. ಈ ಎಕರೆಗಳಿಗೆ 2021ರಲ್ಲಿ ಇನ್ನೂ 20 ಡಾಲರ್‌ನಂತೆ ಸೇರಿಸಿದರು.

ಪ್ರಾಣಿಗಳಿಗೆ ಏಪ್ರಿಲ್ 16ರಿಂದ ಆಗಸ್ಟ್ 31ರೊಳಗೆ ರೈತನೇ ಆರಿಸಿದ ಒಂದು ದಿನದ ಸಂಖ್ಯೆ: ದನಕ್ಕೆ 55, ಹಂದಿಗೆ 23, ಕುರಿಗೆ 27 ಡಾಲರ್. ತಳಿಗಾಗಿ ಇಟ್ಟವು ಲೆಕ್ಕಕ್ಕಿಲ್ಲ. ಮೊದಲ ಸುತ್ತಿನ ಅಂಕಿಯನ್ನು ಹಾಗೆಯೇ ನಕಲು ಮಾಡಿ ತಾಯಿ ಹಂದಿ, ತಾಯಿ ಹಸುಗಳನ್ನೂ ಸೇರಿಸುವುದು ಈ ಸುತ್ತಿನ ಮಾಮೂಲಿ ತಪ್ಪು.

ನಾನು ತರಕಾರಿ ಬೆಳೆದು ಸಂತೆಯಲ್ಲಿ ಮಾರೋನು. ನನ್ನಂಥವರಿಗೆ?

ಎರಡನೇ ಸುತ್ತಿನಲ್ಲಿ ತರಕಾರಿ, ಹಣ್ಣು, ಹೂಗಳಿಗೆ 2019ರ ಮಾರಾಟದ ಶೇಕಡಾವಾರು ಕೊಟ್ಟರು. ಮೊದಲ 49,999 ಡಾಲರ್‌ಗೆ ಶೇ 10.6, ಅಲ್ಲಿಂದ 99,999ರವರೆಗೆ 9.9, ಆಮೇಲೆ 9.7, 9.0, ಹತ್ತು ಲಕ್ಷ ದಾಟಿದರೆ 8.8. 80,000 ಡಾಲರ್ ಮಾರಿದವನಿಗೆ ಸುಮಾರು 8,270. ಟೊಮೆಟೊ ಲೆಕ್ಕಕ್ಕುಂಟು, ಅದರಿಂದ ಮಾಡಿದ ಸಾಸಿನ ಹೆಚ್ಚುವರಿ ಬೆಲೆ ಇಲ್ಲ. ಬೇರೆಯವರಿಂದ ಕೊಂಡು ಮಾರಿದ್ದೂ ಇಲ್ಲ. 2020ರಲ್ಲೇ ಶುರುಮಾಡಿದವರು ಆ ವರ್ಷ ಅರ್ಜಿ ಹಾಕುವವರೆಗಿನ ಮಾರಾಟ ತೋರಿಸಬಹುದಿತ್ತು. ಮೊದಲ ಸುತ್ತಿಗಿಂತ ಇದು ಎಷ್ಟೋ ಸರಳ ಮತ್ತು ನ್ಯಾಯ. ಸಂತೆಯಲ್ಲಿ ರಸೀದಿಯಿಲ್ಲದೆ ಮಾರುವವರಿಗೆ ಮಾತ್ರ ತೆರಿಗೆ ಕಡತವೇ ಗತಿ.

ಒಬ್ಬರಿಗೆ ಎಷ್ಟರವರೆಗೆ?

ಪ್ರತಿ ಸುತ್ತಿಗೂ ಬೇರೆ ಬೇರೆಯಾಗಿ 2,50,000 ಡಾಲರ್. ಕಂಪನಿ, ಎಲ್‌ಎಲ್‌ಸಿಗಳಿಗೆ ಕನಿಷ್ಠ 400 ಗಂಟೆ ದುಡಿಮೆ ಅಥವಾ ನಿರ್ವಹಣೆ ತೋರಿಸುವ ಇಬ್ಬರು ಪಾಲುದಾರರಿದ್ದರೆ 5 ಲಕ್ಷ, ಮೂವರಿದ್ದರೆ ಏಳೂವರೆ ಲಕ್ಷ. ದೊಡ್ಡ ಹಿಡುವಳಿಗೆ ದೊಡ್ಡ ಮೊತ್ತ ಹೋಯಿತೆಂಬ ಟೀಕೆಗೆ ಮೂಲ ಇದೇ: ತಲೆಗಿಷ್ಟು, ಬುಷೆಲ್‌ಗಿಷ್ಟು ಎಂದಾಗ ಹೆಚ್ಚು ಇದ್ದವನಿಗೆ ಹೆಚ್ಚು ಸೇರುತ್ತದೆ, ಮೇಲಿನ ಮಿತಿಯೂ ಪಾಲುದಾರರಿದ್ದಷ್ಟು ಏರುತ್ತದೆ.

## ತೊಡಕಿನ ಪ್ರಶ್ನೆಗಳು

ಶೆಡ್ಡು ನಂದು, ದುಡಿಮೆ ನಂದು, ಹಂದಿ ಕಂಪನಿದು. ದುಡ್ಡು ಯಾರಿಗೆ?

ಎರಡೂ ಸುತ್ತಿನಲ್ಲಿ ಹಂದಿಯ ಒಡೆಯನಿಗೆ. ಕರ್ನಾಟಕದಲ್ಲಿ ಕಂಪನಿ ಮರಿ, ಮೇವು ಕೊಟ್ಟು ರೈತ ಶೆಡ್ಡಿನಲ್ಲಿ ಬ್ರಾಯ್ಲರ್ ಸಾಕುವ ಪದ್ಧತಿ ಇದೆಯಲ್ಲ, ಅದೇ ಬಗೆಯ ಏರ್ಪಾಡು ಇದು. ಒಪ್ಪಂದದ ಸಾಕಣೆದಾರನಿಗೆ ಪ್ರಾಣಿಯ ಬೆಲೆಯ ಅಪಾಯವಿಲ್ಲ ಎಂಬುದು ಇಲಾಖೆಯ ವಾದ. ಆದರೆ ಕಸಾಯಿಖಾನೆ ನಿಂತು ಹೊಸ ತಂಡ ಬಾರದಿದ್ದಾಗ ಅವನ ಶೆಡ್ಡು ಖಾಲಿ ಬಿದ್ದಿತ್ತು, ಬ್ಯಾಂಕಿನ ಕಂತು ನಿಂತಿರಲಿಲ್ಲ. 2020ರ ಡಿಸೆಂಬರ್‌ನ ಕಾಯ್ದೆ ಇದನ್ನು ಒಪ್ಪಿಕೊಂಡಿತು. 2021ರಲ್ಲಿ ಹಂದಿ, ಕೋಳಿ ಮುಂತಾದವುಗಳ ಒಪ್ಪಂದದ ಸಾಕಣೆದಾರರಿಗೆ 2018 ಅಥವಾ 2019ಕ್ಕೆ ಹೋಲಿಸಿ ಆದಾಯ ಕುಸಿತದ ಶೇ 80ರವರೆಗೆ ಕೊಡುವ ಏರ್ಪಾಡಾಯಿತು. ಕಂಪನಿಯ ಪಾವತಿ ಚೀಟಿಗಳೇ ಇಲ್ಲಿ ಪುರಾವೆ.

ಕೊಂದು ಹೂಳಬೇಕಾದ ಹಂದಿಗಳಿಗೆ ಏನಾದ್ರೂ ಸಿಕ್ತಾ?

ಸಿಕ್ಕಿತು, ತಡವಾಗಿ. ಅಯೋವಾ ರಾಜ್ಯ 2020ರಲ್ಲೇ ವಿಲೇವಾರಿ ಖರ್ಚಿಗೆಂದು ಅನುಮೋದಿತ ಹಂದಿಗೆ 40 ಡಾಲರ್ ಕೊಟ್ಟಿತು. ಕೇಂದ್ರದ ಪಿಎಲ್‌ಐಪಿ (ಪ್ಯಾಂಡೆಮಿಕ್ ಲೈವ್‌ಸ್ಟಾಕ್ ಇಂಡೆಮ್ನಿಟಿ ಪ್ರೋಗ್ರಾಂ) 2021ರ ಜುಲೈ 20ರಂದು ತೆರೆಯಿತು. 2020ರ ಮಾರ್ಚ್ 1ರಿಂದ ಡಿಸೆಂಬರ್ 26ರೊಳಗೆ, ಕಸಾಯಿಖಾನೆಯಲ್ಲಿ ಜಾಗವಿಲ್ಲದ ಕಾರಣಕ್ಕೇ ಕೊಂದ ಪ್ರಾಣಿಗಳ ಮಾರುಕಟ್ಟೆ ಬೆಲೆಯ ಶೇ 80, ಜತೆಗೆ ವಿಲೇವಾರಿ ವೆಚ್ಚದ ಭಾಗ. ಅದೇ ಪ್ರಾಣಿಗೆ ಸಿಎಫ್‌ಎಪಿಯಿಂದಲೋ ರಾಜ್ಯದಿಂದಲೋ ಬಂದಿದ್ದನ್ನು ಕಳೆಯುತ್ತಾರೆ. ಆ ಹೊತ್ತಿಗೆ ವರ್ಷ ಕಳೆದಿತ್ತು. ಗುಂಡಿ ತೋಡಿದವರ ಬಿಲ್, ಪಶುವೈದ್ಯರ ಚೀಟಿ, ದಿನಾಂಕವಿರುವ ಫೋಟೊ ಇಟ್ಟುಕೊಂಡವರಿಗೆ ಸುಲಭವಾಯಿತು.

ಪಿಪಿಪಿ ಸಾಲ, ಸಿಎಫ್‌ಎಪಿ ಎರಡೂ ತಗೋಬಹುದಿತ್ತಾ?

ಹೌದು, ಎರಡರ ಉದ್ದೇಶ ಬೇರೆ. ಪಿಪಿಪಿ (ಪೇಚೆಕ್ ಪ್ರೊಟೆಕ್ಷನ್ ಪ್ರೋಗ್ರಾಂ) ಸಂಬಳಕ್ಕೆಂದು ಬ್ಯಾಂಕ್ ಮೂಲಕ ಬಂದ ಸಾಲ, ಶೇ 60 ಸಂಬಳಕ್ಕೆ ಖರ್ಚಾದರೆ ಪೂರ್ತಿ ಮನ್ನಾ. ಆಳುಗಳಿಲ್ಲದೆ ಒಬ್ಬರೇ ದುಡಿಯುವ ರೈತರಿಗೆ ಮೊದಲು ಶೆಡ್ಯೂಲ್ ಎಫ್‌ನ (ಕೃಷಿ ಆದಾಯ ತೋರಿಸುವ ತೆರಿಗೆ ನಮೂನೆ) ನಿವ್ವಳ ಲಾಭ ಹಿಡಿದಿದ್ದರು. ಸವಕಳಿ ಕಳೆದು ನಷ್ಟ ತೋರಿಸಿದವರಿಗೆ ಸೊನ್ನೆ. 2020ರ ಡಿಸೆಂಬರ್ ನಂತರ ಒಟ್ಟು ಆದಾಯ ಹಿಡಿಯಬಹುದೆಂದಾಯಿತು. ಒಂದು ಲಕ್ಷ ಡಾಲರ್ ಮಿತಿಯಲ್ಲಿ ಎರಡೂವರೆ ತಿಂಗಳದ್ದು 20,833. ಮೊದಲು ಬೇಡವೆಂದು ಬಿಟ್ಟವರಿಗೆ ಈ ಬದಲಾವಣೆ ಕಿವಿಗೆ ಬಿದ್ದಿದ್ದರೆ 2021ರ ಮೇ ತಿಂಗಳವರೆಗೆ ಅವಕಾಶವಿತ್ತು.

ತೆರಿಗೆಯಲ್ಲಿ ಎಲ್ಲಿ ತೋರಿಸಬೇಕು?

ಹಣ ಬಂದ ವರ್ಷದ ಶೆಡ್ಯೂಲ್ ಎಫ್‌ನಲ್ಲಿ, ಸರ್ಕಾರಿ ಕೃಷಿ ಪಾವತಿಗಳ ಸಾಲು 4ಎ ಮತ್ತು 4ಬಿಯಲ್ಲಿ. ಇಲಾಖೆ 1099-ಜಿ ಎಂಬ ಪಾವತಿ ವಿವರದ ನಮೂನೆ ಕಳಿಸುತ್ತದೆ. ಬಂದಿಲ್ಲವೆಂದರೂ ತೋರಿಸಲೇಬೇಕು. ಆದಾಯ ತೆರಿಗೆಯ ಜತೆಗೆ ಸ್ವಉದ್ಯೋಗ ತೆರಿಗೆಯೂ ಬೀಳುತ್ತದೆ. ಬೆಳೆ ವಿಮೆಯ ಹಣದಂತೆ ಮುಂದಿನ ವರ್ಷಕ್ಕೆ ದೂಡಬಹುದೆಂದು ಹಲವರು ಅಂದುಕೊಂಡಿದ್ದರು, ಸಿಎಫ್‌ಎಪಿಗೆ ಅದು ಒಪ್ಪುವುದಿಲ್ಲ. 2021ರಲ್ಲಿ ಬಂದ ಹೆಚ್ಚುವರಿ 2021ರ ಆದಾಯ. ಮನ್ನಾ ಆದ ಪಿಪಿಪಿಗೆ ಕೇಂದ್ರ ತೆರಿಗೆ ಇಲ್ಲ.

ಕರ್ನಾಟಕದ ಪರಿಹಾರಕ್ಕೂ ಇದಕ್ಕೂ ಏನು ವ್ಯತ್ಯಾಸ?

ಕರ್ನಾಟಕ 2020ರ ಮೇ 6ರಂದು 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಗರಿಷ್ಠ ಒಂದು ಹೆಕ್ಟೇರ್. ನಂತರ ತರಕಾರಿ, ಹಣ್ಣಿಗೆ ಹೆಕ್ಟೇರಿಗೆ 15,000, ಮೆಕ್ಕೆಜೋಳಕ್ಕೆ ರೈತನಿಗೆ 5,000. ಇಲ್ಲಿ, ಕರ್ನಾಟಕದಲ್ಲಿ, ಎಷ್ಟು ಬೆಳೆದರೂ ಮೊತ್ತ ಒಂದು ಹಂತಕ್ಕೆ ನಿಲ್ಲುತ್ತದೆ, ಅಲ್ಲಿ, ಅಮೆರಿಕದಲ್ಲಿ, ಮೇಲಿನ ಮಿತಿ ಮುಟ್ಟುವವರೆಗೆ ಬೆಳೆದಷ್ಟೂ ಏರುತ್ತದೆ. ಇಲ್ಲಿ ಹೆಸರು ಪಹಣಿ, ಬೆಳೆ ಸಮೀಕ್ಷೆಯಲ್ಲಿ ಇರಬೇಕು, ಹಾಗಾಗಿ ದಾಖಲೆಯಿಲ್ಲದ ಗೇಣಿದಾರ ಹೊರಗುಳಿಯುತ್ತಾನೆ. ಅಲ್ಲಿ ರೈತನ ಸ್ವಯಂ ಘೋಷಣೆಯೇ ಆಧಾರ, ಗೇಣಿದಾರನಿಗೆ ತೊಂದರೆ ಕಡಿಮೆ, ಸುಳ್ಳಂಕಿಗೆ ಜಾಗ ಹೆಚ್ಚು.

ಸ್ಪಾಟ್ ಚೆಕ್ ಕಾಗದ ಬಂದಿದೆ. ಏನೇನು ತೋರಿಸಬೇಕು?

ಘೋಷಣೆಯ ಅಂಕಿಯನ್ನು ಆ ದಿನಾಂಕಕ್ಕೆ ಕಟ್ಟಿಹಾಕುವ ಕಾಗದಗಳನ್ನು. ಧಾನ್ಯಕ್ಕೆ ತೂಕದ ಚೀಟಿ, ಕಣಜದ ಅಳತೆ, ಬೆಲೆ ನಿಗದಿಯಾದ ಒಪ್ಪಂದಗಳ ದಿನಾಂಕ. ಪ್ರಾಣಿಗಳಿಗೆ ಹರಾಜು ಮತ್ತು ಕಸಾಯಿಖಾನೆಯ ರಸೀದಿ, ಕೊಂಡ ಬಿಲ್, ಪಶುವೈದ್ಯರ ದಾಖಲೆ, ಮೇವಿನ ಲೆಕ್ಕ, ಸತ್ತವುಗಳ ಪುಸ್ತಕ. ಹಾಲಿಗೆ ಡೇರಿಯ ತಿಂಗಳ ಪಟ್ಟಿ.

ಆರಿಸಿದ ದಿನಕ್ಕೆ ನೇರ ಎಣಿಕೆ ಇಲ್ಲದಿದ್ದರೆ ಹತ್ತಿರದ ಎಣಿಕೆಯಿಂದ ಹಿಂದಕ್ಕೋ ಮುಂದಕ್ಕೋ ಕಟ್ಟಿಕೊಂಡು ಹೋಗಿ: ಅಂದಿನ ಸಂಖ್ಯೆಗೆ ಕೊಂಡದ್ದು, ಹುಟ್ಟಿದ್ದು ಕೂಡಿಸಿ, ಮಾರಿದ್ದು, ಸತ್ತದ್ದು ಕಳೆಯಿರಿ. ಬ್ಯಾಂಕಿಗೆ ಸಾಲ ನವೀಕರಣಕ್ಕೆ ಕೊಟ್ಟ ಆಸ್ತಿ ಪಟ್ಟಿಯನ್ನೂ ಒಮ್ಮೆ ನೋಡಿಕೊಳ್ಳಿ. ಅಲ್ಲಿ 1,600 ಹಂದಿ, ಇಲ್ಲಿ 2,000 ಎಂದಿದ್ದರೆ ಕಾರಣ ಬರೆದು ಜತೆಗಿಡಿ. ಪುರಾವೆ ಇಲ್ಲದ ಭಾಗವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕಾಗುತ್ತದೆ.

ನನ್ನ ಅರ್ಜಿ ತಿರಸ್ಕಾರ ಆಯ್ತು. ಮೇಲ್ಮನವಿ ಎಲ್ಲಿ?

ನಿರ್ಧಾರದ ಪತ್ರ ಕೈಗೆ ಬಂದ 30 ದಿನದೊಳಗೆ ಹೆಜ್ಜೆ ಇಡಬೇಕು. ಕೌಂಟಿ ಸಮಿತಿಗೆ ಮರುಪರಿಶೀಲನೆ ಕೋರಬಹುದು, ಮಧ್ಯಸ್ಥಿಕೆ ಕೇಳಬಹುದು ಅಥವಾ ಕೃಷಿ ಇಲಾಖೆಯೊಳಗೇ ಸ್ವತಂತ್ರವಾಗಿರುವ ನ್ಯಾಷನಲ್ ಅಪೀಲ್ಸ್ ಡಿವಿಷನ್‌ಗೆ ಹೋಗಬಹುದು. ನಿಮ್ಮ ಸಂಖ್ಯೆ, ಪಾಲು, ಒಡೆತನ, ವರ್ಗ ತಪ್ಪಾಗಿ ಹಿಡಿದಿದ್ದಾರೆ ಎಂಬುದು ಮೇಲ್ಮನವಿಗೆ ನಿಲ್ಲುವ ವಿಷಯ. ದರ ಕಡಿಮೆ, ದಿನಾಂಕ ಅನ್ಯಾಯ ಎಂಬುದು ನಿಲ್ಲುವುದಿಲ್ಲ, ಅದು ಎಲ್ಲರಿಗೂ ಒಂದೇ ಆದ ನಿಯಮ. ಪತ್ರ ಬಂದ ಲಕೋಟೆಯನ್ನು ಎಸೆಯಬೇಡಿ, ಅದರ ಮೇಲಿನ ಅಂಚೆ ಮುದ್ರೆ ಬೇಕಾಗುತ್ತದೆ.